ಸ್ಟೀಲ್ ಡಬ್ಬಿಯ ಮೇಲಿನ ಹೆಸರು, ನಿಗಾ ಪಟ್ಟಿಯಲ್ಲಿರುವ ಹೆಸರು

ಯಡಿಯೂರು, ಬೆಂಗಳೂರು
12 ಫೆಬ್ರವರಿ 2009

ನಿಸ್ತಂತು ಸಾಧನ ತಪಾಸಣಾ ಘಟಕದ ಮಾನ್ಯ ಮುಖ್ಯಸ್ಥರೇ,

ನಿಮ್ಮ ನಿಗಾ ಪಟ್ಟಿಯಲ್ಲಿ ನಿಂಗರಾಜ ಎಂಬುವವರ ಹೆಸರಿದೆ. ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆಗಿರುವ, ಮನೆಮನೆಗೆ ಹೋಗಿ ಯು.ಪಿ.ಎಸ್. ರಿಪೇರಿ ಮಾಡುವ, ನಲವತ್ತು ದಾಟಿದ ಸಂಸಾರಸ್ಥ. ಅವರ ಹೆಸರು ಅಲ್ಲಿರುವುದು ತಪ್ಪು. ಅದನ್ನು ತೆಗೆಯಿರಿ ಎಂದು ಆರು ತಿಂಗಳಲ್ಲಿ ನಾಲ್ಕು ಅರ್ಜಿ ಹಾಕಿದ್ದೇನೆ. ಮೂರಕ್ಕೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದಿದೆ. ಮೂರೂ ಉತ್ತರಗಳಲ್ಲಿ ನಿಮ್ಮ ಸಹಿಯ ಬಾಲ ಒಂದೇ ಜಾಗದಲ್ಲಿ ಮಸಿ ಕಾರಿಕೊಂಡಿದೆ. ಒಂದೇ ಕಾಗದದ ನಕಲು ತೆಗೆದು ಕಳಿಸುತ್ತಿದ್ದೀರೆಂದು ನನಗೆ ಅನುಮಾನ. ನಾಲ್ಕನೆಯದನ್ನು ಮಾಹಿತಿ ಹಕ್ಕಿನ ಕಾಯ್ದೆಯಡಿ ಹಾಕಿದೆ. 'ಭದ್ರತೆಯ ಕಾರಣದಿಂದ ತಿಳಿಸಲಾಗದು' ಎಂದಿರಿ. ಯಾರ ಭದ್ರತೆ ಎಂದು ಮಾತ್ರ ಬರೆಯಲಿಲ್ಲ. ಆದ್ದರಿಂದ ಐದನೆಯ ಅರ್ಜಿಯನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ. ಇದನ್ನು ಬರೆಯುವಾಗಲೂ ಮನೆಯ ಮುಂದೆ ಮೋಟರ್ ಬೈಕ್ ನಿಂತ ಸದ್ದಾದರೆ ಎದ್ದು ಹೋಗಿ ಪರದೆ ಸರಿಸಿ ನೋಡುತ್ತೇನೆ. ಈ ಅಭ್ಯಾಸ ನಿಮ್ಮ ಇಲಾಖೆಯ ಕೃಪೆ.

ನಾನು ಅನಂತರಾಮು. ಒಂದು ಕಾರ್ಖಾನೆಯ ಮೀಟರ್ ಪರೀಕ್ಷೆಯ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು. ಮೀಟರು ಏನು ಹೇಳಿದರೂ ಒಮ್ಮೆ ನಂಬದೆ ಇನ್ನೊಮ್ಮೆ ಅಳೆಯುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಅನುಮಾನಪಡುವುದನ್ನು ನಿಮ್ಮಿಂದ ಕಲಿಯಬೇಕಾದ ಅಗತ್ಯ ನನಗಿಲ್ಲ. ಆದರೆ ನಾವು ಅನುಮಾನ ಬಂದ ಮೇಲೆ ಅಳೆಯುತ್ತಿದ್ದೆವು. ನೀವು ಅನುಮಾನ ಬಂದ ಮೇಲೆ ಬೀಗ ಹಾಕುತ್ತೀರಿ.

ಕೆರೆಯ ಪಕ್ಕದಿಂದ ಏರಿಕೊಂಡು ಹೋಗುವ ನಮ್ಮ ಅಡ್ಡರಸ್ತೆಯಲ್ಲಿ ಒಂಬತ್ತು ಮನೆಗಳಿವೆ. ಕಾವೇರಿ ನೀರು ಎರಡು ದಿನಕ್ಕೊಮ್ಮೆ ಬರುತ್ತದೆ, ಬರುವ ಹೊತ್ತು ಅದರಿಷ್ಟ. ಕೆಳತುದಿಯಲ್ಲಿರುವ ಸತ್ಯಭಾಮಾ ಮೇಡಂ ಅವರ ಮನೆಗೆ ಮೊದಲು ಬರುತ್ತದೆ. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಮೇಲುತುದಿಯಲ್ಲಿ ಹಪ್ಪಳ, ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಕೊಡುವ ಪಾರ್ವತಮ್ಮನವರಿದ್ದಾರೆ. ಅವರಿಗೆ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೆಳಗಿನ ಮನೆಯವರು ಕೊಳವೆಗೇ ಮೋಟರ್ ಕೂರಿಸಿ ನೀರೆಳೆಯುತ್ತಾರೆಂದು ಮೇಲಿನವರಿಗೆ ಗುಮಾನಿ. ಹೀಗೆ ಗುಮಾನಿಪಡುವವರ ಮನೆಯಲ್ಲೇ ಮೋಟರಿದೆಯೆಂದು ಕೆಳಗಿನವರಿಗೆ ಗುಮಾನಿ. ಹನ್ನೆರಡು ವರ್ಷ ಇದೇ ನಡೆಯಿತು. ಸತ್ಯಭಾಮಾ ಮತ್ತು ಪಾರ್ವತಮ್ಮ ಗೌರಿ ಹಬ್ಬಕ್ಕೆ ಒಬ್ಬರಿಗೊಬ್ಬರು ಬಾಗಿನ ಕೊಡುವುದನ್ನೂ ನಿಲ್ಲಿಸಿದ್ದರು.

ನಾನು ಯೋಚಿಸಿದ್ದು ಇಷ್ಟೇ. ಪ್ರತಿ ಮನೆಯ ಸಂಪಿನಲ್ಲಿ ನೀರಿನ ಮಟ್ಟ ತೋರಿಸುವ ಒಂದು ಬುರುಡೆ ತೇಲಿಬಿಡುವುದು. ಆ ಮಟ್ಟ ಒಂಬತ್ತೂ ಮನೆಗೆ ಕಾಣುವಂತೆ ಮಾಡುವುದು. ಆಗ ಯಾರ ಮನೆಯಲ್ಲಿ ನೀರು ಹೇಗೆ ಏರಿತೆಂಬುದು ಎಲ್ಲರಿಗೂ ಗೊತ್ತಾಗುತ್ತದೆ, ಗುಮಾನಿಗೆ ಜಾಗವಿರುವುದಿಲ್ಲ. ರಸ್ತೆಗೆ ಅಡ್ಡ ತಂತಿ ಎಳೆದರೆ ಒಂದೇ ವಾರದಲ್ಲಿ ಕತ್ತರಿಸುತ್ತಾರೆ. ಆದ್ದರಿಂದ ತಂತಿಯಿಲ್ಲದ ದಾರಿ ಹಿಡಿದೆ. ಮನೆಯೊಳಗೆ ಇಂಟರ್‌ನೆಟ್ ಹಂಚಲು ಅಂಗಡಿಯಲ್ಲಿ ಮಾರುವ ರೂಟರ್ ಎಂಬ ಪುಟ್ಟ ಪೆಟ್ಟಿಗೆಗಳನ್ನು ಎಸ್.ಪಿ. ರಸ್ತೆಯಿಂದ ತಂದೆ. ಈ ಪೆಟ್ಟಿಗೆಗಳು ಬಳಸುವ ರೇಡಿಯೋ ತರಂಗಕ್ಕೆ ಪರವಾನಗಿ ಬೇಡವೆಂದು 2005ರಲ್ಲಿ ಸರ್ಕಾರವೇ ಗೆಜೆಟ್ಟಿನಲ್ಲಿ ಹೇಳಿದೆ. ಗೆಜೆಟ್ ಓದುವ ಹವ್ಯಾಸ ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಇದೆಯೇ?

ಒಂದು ಪೆಟ್ಟಿಗೆಯ ಮಾತು ಒಂಬತ್ತನೇ ಮನೆಯವರೆಗೆ ಮುಟ್ಟುವುದಿಲ್ಲ, ನಡುವೆ ಹೊಂಗೆ ಮರಗಳಿವೆ. ಅದಕ್ಕೆ ಪ್ರತಿ ಮನೆಯ ಪೆಟ್ಟಿಗೆಯೂ ಪಕ್ಕದ್ದರ ಮಾತನ್ನು ಕೇಳಿ ಮುಂದಿನದಕ್ಕೆ ದಾಟಿಸಬೇಕು. ಮದುವೆ ಮನೆಯಲ್ಲಿ ಒಲೆಯಿಂದ ಪಂಕ್ತಿಯವರೆಗೆ ಸಾಲಾಗಿ ನಿಂತು ಅನ್ನದ ಪಾತ್ರೆ ದಾಟಿಸುತ್ತಾರಲ್ಲ, ಹಾಗೆ. ನಡುವೆ ಒಬ್ಬ ಎದ್ದು ಹೋದರೆ ಪಾತ್ರೆ ಇನ್ನೊಬ್ಬನ ಕೈಯಿಂದ ಸುತ್ತಿ ಬರುತ್ತದೆ. ಇದನ್ನು ಮೆಶ್ ನೆಟ್‌ವರ್ಕ್ ಎನ್ನುತ್ತಾರೆ. ನಿಮ್ಮ ಮಹಜರಿನಲ್ಲಿ ಇದು 'ರಹಸ್ಯ ಜಾಲ' ಎಂದಾಗಿದೆ. ಒಂಬತ್ತು ಮನೆಯ ನೀರಿನ ಲೆಕ್ಕ ಒಂಬತ್ತೂ ಮನೆಗೆ ಕಾಣುವ ವ್ಯವಸ್ಥೆಯಲ್ಲಿ ರಹಸ್ಯ ಯಾವುದು ಸ್ವಾಮಿ?

ಅಂಗಡಿಯಿಂದ ತಂದ ರೂಟರಿಗೆ ಈ ದಾಟಿಸುವ ವಿದ್ಯೆ ಗೊತ್ತಿರುವುದಿಲ್ಲ. ಅದರೊಳಗಿನ ಪ್ರೋಗ್ರಾಂ ಅಳಿಸಿ ಬೇರೆಯದನ್ನು ತುಂಬಬೇಕು. ಆ ಬೇರೆಯದು ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ ರೂಪದಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವುದೇ ಕಂಪೈಲ್ ಮಾಡುವುದು. ರೂಟರಿನ ಮೆದುಳು ಅಂಗೈಯಷ್ಟೂ ಇಲ್ಲ, ಈ ಕೆಲಸ ಅದರಿಂದ ಆಗದು. ಅಡುಗೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ, ಊಟ ಅದರ ಹೊಟ್ಟೆಗೆ. ನನ್ನ ಹಳೆಯ ಕಂಪ್ಯೂಟರು ಒಂದು ಸಲದ ಅಡುಗೆಗೆ ಐದು ಗಂಟೆ ತೆಗೆದುಕೊಳ್ಳುತ್ತಿತ್ತು. ನಾಲ್ಕನೇ ಗಂಟೆಯಲ್ಲಿ ಎಲ್ಲೋ ಒಂದು ಕಡತ ಸಿಗಲಿಲ್ಲವೆಂದು ಮುನಿಸಿಕೊಂಡು ನಿಲ್ಲುತ್ತಿತ್ತು. ಸರಿ ಮಾಡಿದರೆ ತಯಾರಾದದ್ದು ರೂಟರಿನ ಜಾಗಕ್ಕಿಂತ ದೊಡ್ಡದಾಗಿರುತ್ತಿತ್ತು. ಏನೇನು ಕಿತ್ತು ಹಾಕಿದರೆ ಹಿಡಿಸುತ್ತದೆಂದು ಮತ್ತೆ ಲೆಕ್ಕ. ಯಾವ ದಿನ ಯಾವ ತಪ್ಪು ಬಂತು, ಅದಕ್ಕೆ ನಾನು ಏನು ಮಾಡಿದೆ ಎಂಬುದನ್ನೆಲ್ಲ ಕಾರ್ಖಾನೆಯ ಅಭ್ಯಾಸದಂತೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ನೂರ ಹನ್ನೆರಡು ಪುಟ, ಪ್ರತಿ ಪುಟದ ಕೆಳಗೂ ದಿನಾಂಕ ಮತ್ತು ನನ್ನ ಸಹಿ. ಈ ನೋಟ್‌ಬುಕ್ಕನ್ನು ದಯವಿಟ್ಟು ನೆನಪಿನಲ್ಲಿಡಿ. ಅದೀಗ ನಿಮ್ಮ ಕಪಾಟಿನಲ್ಲಿದೆ, ನೀವು ಕಳೆದುಹಾಕಿಲ್ಲದಿದ್ದರೆ.

ಹೊಸ ಪ್ರೋಗ್ರಾಂ ತುಂಬುವ, ಅಂದರೆ ರೂಟರಿನೊಳಗೆ ಬರೆಯುವ ಮೂರು ನಿಮಿಷದಲ್ಲಿ ಕರೆಂಟು ಹೋದರೆ ರೂಟರು ಸತ್ತಿತೆಂದೇ ಅರ್ಥ. ಹಾಗೆ ಸತ್ತದ್ದಕ್ಕೆ ಈ ಕಸುಬಿನವರು 'ಇಟ್ಟಿಗೆಯಾಯಿತು' ಎನ್ನುತ್ತಾರೆ. ನಾನು ಒಂದೇ ವಾರದಲ್ಲಿ ಎರಡು ಇಟ್ಟಿಗೆ ಮಾಡಿದೆ. ನನ್ನ ಹೆಂಡತಿ ಅಲಮೇಲು, "ಇನ್ನೊಂದಷ್ಟು ಆಗ್ಲಿ, ಮೇಸ್ತ್ರಿನ ಕರೆಸ್ತೀನಿ, ಹಿತ್ತಲಲ್ಲಿ ಒಂದ್ ರೂಮ್ ಎತ್ತಿಸ್ಬಿಡೋಣ" ಎಂದಳು. ಮೇಸ್ತ್ರಿಯ ಬದಲು ನಾನು ಯು.ಪಿ.ಎಸ್. ರಿಪೇರಿಯ ನಿಂಗರಾಜರನ್ನು ಕರೆಸಿದೆ. ಬಾಗಲಕೋಟೆ ಕಡೆಯವರು. ನನ್ನ ಕಥೆಯನ್ನೆಲ್ಲ ಕೇಳಿ ಅವರು ಹೇಳಿದ ಮಾತು ಇದು: "ಸರ, ಕರೆಂಟ್ ಹೋಗೂದು ನಮ್ಮ ಕೈಯಾಗಿಲ್ರಿ. ಬ್ಯಾಟರಿ ಐತಲ್ರಿ ನನ್ನ ಕಡೆ. ನೀವು ಬರೀರಿ, ನಾ ಹಿಡ್ಕೊಂಡಿರ್ತೀನಿ." ಆಮೇಲೆ ಒಂದೂ ಇಟ್ಟಿಗೆಯಾಗಲಿಲ್ಲ. ರೂಟರುಗಳಿಗೆ ಬ್ಯಾಟರಿ ಕಟ್ಟಿದ್ದು ಅವರು. ಪ್ರೋಗ್ರಾಮಿನ ಒಂದು ಸಾಲನ್ನೂ ಅವರು ಮುಟ್ಟಿದವರಲ್ಲ, ಮುಟ್ಟುವ ಆಸೆಯೂ ಅವರಿಗಿರಲಿಲ್ಲ.

ಇನ್ನು ಡಬ್ಬಿಯ ವಿಷಯ. ತಾರಸಿಯ ಮೇಲಿಡುವ ಪೆಟ್ಟಿಗೆಗೆ ಮಳೆಯಿಂದ ರಕ್ಷಣೆ ಬೇಕಲ್ಲ? ಅಲಮೇಲು ತನ್ನ ಮದುವೆಯ ಸ್ಟೀಲ್ ಡಬ್ಬಿ ಕೊಟ್ಟಳು. ಉಳಿದ ಎಂಟು ಮನೆಯವರೂ ತಮ್ಮ ತಮ್ಮ ಅಡುಗೆಮನೆಯಿಂದ ಒಂದೊಂದು ಕೊಟ್ಟರು. ನಮ್ಮ ಮನೆಗಳ ಸ್ಟೀಲ್ ಪಾತ್ರೆಯ ಮೇಲೆ ಹೆಸರು, ತಾರೀಖು ಕೆತ್ತಿಸಿರುತ್ತಾರೆ. ಪಕ್ಕದ ಮನೆಗೆ ಸಾರು ಹೋದ ಪಾತ್ರೆ ಅಲ್ಲೇ ಉಳಿಯಬಾರದಲ್ಲ? ಒಂಬತ್ತೂ ರೂಟರುಗಳನ್ನು ಒಂಬತ್ತು ಹೆಸರಿನ ಡಬ್ಬಿಯೊಳಗಿಟ್ಟು, ಗಟ್ಟಿಯಾಗಿ ಮುಚ್ಚಳ ಹಾಕಿ ಕಾದೆ. ಒಂದೂ ಮಾತಾಡಲಿಲ್ಲ. ಹದಿನೈದು ದಿನದಲ್ಲಿ ನಾಲ್ಕು ಸಲ ಹೊಸದಾಗಿ ಕಂಪೈಲ್ ಮಾಡಿದೆ. ಮೊದಲು ಪ್ರೋಗ್ರಾಮನ್ನು ಅನುಮಾನಿಸಿದೆ, ಆಮೇಲೆ ಅದನ್ನು ಬರೆದ ಎಲ್ಲಿಯದೋ ದೇಶದ ಪುಣ್ಯಾತ್ಮನನ್ನು, ಕೊನೆಗೆ ಸತ್ಯಭಾಮಾ ಅವರ ಫ್ರಿಜ್ಜನ್ನು. ನಿಂಗರಾಜರು ಮೆತ್ತಗೆ, "ಸರ, ಒಮ್ಮೆ ಮುಚ್ಚಳ ತಗದು ನೋಡೂಣೇನ್ರಿ?" ಎಂದರು. ತೆಗೆದ ಕೂಡಲೇ ಮಾತು ಶುರುವಾಯಿತು. ಉಕ್ಕಿನೊಳಗಿಂದ ರೇಡಿಯೋ ತರಂಗ ಹೊರಬರುವುದಿಲ್ಲವೆಂದು ಮೂವತ್ತನಾಲ್ಕು ವರ್ಷ ಮೀಟರು ಹಿಡಿದವನಿಗೆ ಹೊಳೆದಿರಲಿಲ್ಲ. ಊರಿನ ಮೇಲೆಲ್ಲ ಅನುಮಾನಪಟ್ಟೆ, ನಾನೇ ಹಾಕಿದ ಮುಚ್ಚಳದ ಮೇಲೆ ಪಡಲಿಲ್ಲ. ಡಬ್ಬಿಗೆ ತೂತು ಕೊರೆದು ಆಂಟೆನಾ ಹೊರಗೆ ಇಟ್ಟೆವು. ಅಲಮೇಲು ಎರಡು ದಿನ ನನ್ನೊಡನೆ ಮಾತು ಬಿಟ್ಟಳು.

ಮಾರ್ಚ್‌ನಿಂದ ಆಗಸ್ಟ್‌ವರೆಗೆ ನಮ್ಮ ಜಾಲ ನಡೆಯಿತು. ಯಾರ ಮನೆಯಲ್ಲೂ ಕೊಳವೆಗೆ ಮೋಟರಿರಲಿಲ್ಲ. ಐದನೇ ಮನೆಯವರೆಗೆ ಸರಾಗವಾಗಿ ಏರುವ ನೀರು ಆರನೆಯದಕ್ಕೆ ಹೋಗುವಷ್ಟರಲ್ಲಿ ಸೊರಗುತ್ತಿತ್ತು. ಅಲ್ಲಿ ಅಗೆಸಿದರೆ ಹೊಂಗೆಯ ಬೇರು ಕೊಳವೆಯೊಳಗೆ ಹೊಕ್ಕು ಜಡೆಗಟ್ಟಿತ್ತು. ಹನ್ನೆರಡು ವರ್ಷದ ಜಗಳವನ್ನು ಒಂದು ಮಧ್ಯಾಹ್ನದಲ್ಲಿ ಗುದ್ದಲಿಯಿಂದ ಎತ್ತಿ ಹಾಕಿದೆವು. ಆ ಬಾರಿಯ ಗೌರಿ ಹಬ್ಬಕ್ಕೆ ಪಾರ್ವತಮ್ಮನಿಗೆ ಬಾಗಿನ ಕೊಡಲೆಂದು ಸತ್ಯಭಾಮಾ ಗಾಂಧಿ ಬಜಾರಿನಿಂದ ಜೊತೆ ಮೊರ ತಂದಿಟ್ಟಿದ್ದರು. ಹಬ್ಬಕ್ಕೆ ಒಂದು ವಾರವಿರುವಾಗ ನೀವು ಬಂದಿರಿ.

ಹೋದ ವರ್ಷ ಜುಲೈಯಲ್ಲಿ ಊರಿನಲ್ಲಿ ಸರಣಿ ಬಾಂಬು ಸಿಡಿದ ಮೇಲೆ, ಬಸ್ಸಿನಲ್ಲಿ ಟಿಫಿನ್ ಕ್ಯಾರಿಯರ್ ಕಂಡರೂ ಜನ ಇಳಿದು ಓಡುತ್ತಿದ್ದ ದಿನಗಳು ಅವು. ತಾರಸಿಯ ಮೇಲೆ ತಂತಿ ಚಾಚಿದ, ತೂತಿನಿಂದ ದೀಪ ಮಿನುಗುವ ಡಬ್ಬಿ ಕಂಡು ಯಾರೋ ಫೋನ್ ಮಾಡಿದರು. ಅವರನ್ನು ದೂರುವುದಿಲ್ಲ, ನಾನಾದರೂ ಮಾಡುತ್ತಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಎರಡು ಜೀಪು, ಮರಳಿನ ಚೀಲ, ಒಂದು ನಾಯಿ ಬಂದವು. ನಾಯಿ ನಮ್ಮ ಡಬ್ಬಿ ಮೂಸಿ ಬಾಲ ಅಲ್ಲಾಡಿಸಿತು. ಮೂವತ್ತಾರು ವರ್ಷ ಅದರಲ್ಲಿ ಕೋಡುಬಳೆ ಇಟ್ಟಿದ್ದೆವು. ನಿಮ್ಮ ಅಧಿಕಾರಿ ಅದರ ಮೇಲಿನ ಅಕ್ಷರ ಓದಿ, "ಅಲಮೇಲು ಅಂದ್ರೆ ಯಾರ್ರೀ ಇಲ್ಲಿ?" ಎಂದು ಕೂಗಿದರು. ಒಳಗಿನಿಂದ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ನಾನೇ ಸಾರ್. ಡಬ್ಬಿ ವಾಪಸ್ ಕೊಡೋಕ್ ಬಂದ್ರಾ?" ಎಂದಳು. ಹೆಂಡತಿಯ ಹೆಸರು, ಮದುವೆಯ ತಾರೀಖು ಕೆತ್ತಿಸಿ ಬಾಂಬು ಇಡುವ ಭಯೋತ್ಪಾದಕನನ್ನು ನಿಮ್ಮ ಘಟಕ ಇದುವರೆಗೆ ಎಷ್ಟು ಕಂಡಿದೆ?

ವಿಚಾರಣೆ ನಮ್ಮ ಹಜಾರದಲ್ಲೇ ಆಯಿತು, ಕಾಫಿ ಕುಡಿಯುತ್ತ.

"ಇದ್ರಲ್ಲಿ ಇಂಟರ್‌ನೆಟ್ ಇದ್ಯಾ ಸಾರ್?"

"ಇಲ್ಲ."

"ಇಂಟರ್‌ನೆಟ್ ಇಲ್ದಿದ್ರೆ ನೆಟ್‌ವರ್ಕ್ ಯಾಕ್ ಸಾರ್?"

"ನೀರು ಬಂದಿದ್ದು ಗೊತ್ತಾಗೋಕೆ."

"ಅದಕ್ಕೆ ನಲ್ಲಿ ತಿರುಗ್ಸಿದ್ರೆ ಸಾಲ್ದಾ?"

ಒಳ್ಳೆಯ ಪ್ರಶ್ನೆಯೇ. ಉತ್ತರಕ್ಕೆ ಹನ್ನೆರಡು ವರ್ಷದ ಜಗಳ ಹೇಳಬೇಕಿತ್ತು, ಅವರಿಗೆ ಪುರುಸೊತ್ತಿರಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ 'ಒಂದು ತುಂಬಿತು, ಐದು ಅರ್ಧ, ಒಂಬತ್ತು ಖಾಲಿ' ಎಂದಿದ್ದುದನ್ನು ಒಬ್ಬರು ಗಂಭೀರವಾಗಿ ಬರೆದುಕೊಂಡರು. ಆಮೇಲೆ ಅಧಿಕಾರಿ ಕಪ್ಪು ಕೆಳಗಿಟ್ಟು, "ಇದನ್ನೆಲ್ಲ ಮಾಡಿದ್ದು ಯಾರು?" ಎಂದು ಕೇಳಿದರು. ಅದಕ್ಕೆ ನಾನು ಕೊಟ್ಟ ಉತ್ತರದ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಬಾರದೆ ವಿಧಿಯಿಲ್ಲ.

ಮಹಜರು ಬರೆದು ಒಂಬತ್ತು ಡಬ್ಬಿಯನ್ನೂ ನನ್ನ ನೋಟ್‌ಬುಕ್ಕನ್ನೂ ಜೀಪಿಗೆ ಹಾಕಿಕೊಂಡು ಹೋದಿರಿ. ಅಂದು ಸಂಜೆ ಜೆ.ಪಿ. ನಗರದ ಒಂದು ಮನೆಯಲ್ಲಿ ಬ್ಯಾಟರಿಗೆ ನೀರು ಹಾಕುತ್ತಿದ್ದ ನಿಂಗರಾಜರನ್ನು ಕರೆದೊಯ್ದು ಎರಡು ದಿನ ಇಟ್ಟುಕೊಂಡಿರಿ. ನನ್ನನ್ನು 'ಸಾರ್, ನೀವು' ಎಂದ ಬಾಯಿಯೇ ಅವರನ್ನು 'ನೀನು' ಎಂದಿತು. ನಿನ್ನೂರು ಯಾವುದು, ಬೆಂಗಳೂರಿಗೆ ಯಾಕೆ ಬಂದೆ, ಇಂಥ ವಿದ್ಯೆ ನಿನಗೆ ಯಾರು ಕಲಿಸಿದರು? ನಾನು ಯಾವ ಊರಿನವನೆಂದು ನನ್ನನ್ನು ಯಾರೂ ಕೇಳಲಿಲ್ಲ. ಕೊನೆಗೆ ಮೊಕದ್ದಮೆಯೂ ಇಲ್ಲ, ಆರೋಪವೂ ಇಲ್ಲ ಎಂದು ಬಿಟ್ಟಿರಿ. ಆದರೆ ಹೆಸರನ್ನು ಬಿಡಲಿಲ್ಲ. ಊರಿಗೆ ದೊಡ್ಡ ಮನುಷ್ಯರು ಯಾರೇ ಬರಲಿ, ನಿಂಗರಾಜರು ಠಾಣೆಯ ಬೆಂಚಿನ ಮೇಲೆ ಕೂರಬೇಕು. ಮೊನ್ನೆ ಗಣರಾಜ್ಯೋತ್ಸವದ ದಿನವಿಡೀ ಅಲ್ಲೇ ಕೂತಿದ್ದರು. ಠಾಣೆಗೆ ಹೋಗಿ ಬರುವವನನ್ನು ಮನೆಮನೆಗೆ ಹೇಗೆ ಕಳಿಸುವುದೆಂದು ಅವರ ಕಂಪನಿ ಕೈಬಿಟ್ಟಿತು. ಈ ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಎಂದು ಮನೆಯೊಡೆಯರು ಹೇಳಿದ್ದಾರೆ. ಅರೆಕೆರೆಯಲ್ಲಿ ಎರಡು ಮನೆ ನೋಡಿದರು. ಬಾಡಿಗೆದಾರರ ವಿವರ ಠಾಣೆಗೆ ಹೋದ ಮಾರನೆಯ ದಿನವೇ ಎರಡು ಕಡೆಯಿಂದಲೂ 'ಬೇರೆಯವರಿಗೆ ಕೊಟ್ಟಾಯಿತು' ಎಂಬ ಮಾತು ಬಂತು. ಇನ್ನು ಹದಿನಾರು ದಿನ ಉಳಿದಿವೆ. ಅಷ್ಟರಲ್ಲಿ ಆ ಹೆಸರು ಪಟ್ಟಿಯಿಂದ ಹೋಗದಿದ್ದರೆ ಈ ಊರಿನಲ್ಲಿ ಅವರಿಗೆ ಸೂರಿಲ್ಲ.

ಹೋದ ಭಾನುವಾರ ಅವರ ಹೆಂಡತಿ ಲಕ್ಕವ್ವ ನಮ್ಮ ಮನೆಗೆ ಬಂದರು. ಎಂದೋ ಅಲಮೇಲು ಪುಳಿಯೋಗರೆ ತುಂಬಿ ಕೊಟ್ಟಿದ್ದ ಡಬ್ಬಿಯನ್ನು ವಾಪಸ್ ತಂದಿದ್ದರು. ಖಾಲಿ ಡಬ್ಬಿ ಕೊಡಬಾರದೆಂದು ಅದರಲ್ಲಿ ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಇಟ್ಟಿದ್ದರು. ಕುರ್ಚಿಯ ಅಂಚಿನಲ್ಲಿ ಕೂತು ಕೇಳಿದರು:

"ಸಾಹೇಬ್ರ, ನಮ್ಮ ಮನಿಯವ್ರು ಏನ್ ತಪ್ಪ್ ಮಾಡ್ಯಾರ್ರೀ? ಬ್ಯಾಟರಿ ಕಟ್ಟೂದು ಗುನ್ನೇನ್ರೀ?"

"ಇಲ್ಲಮ್ಮ. ಅವ್ರೇನೂ ತಪ್ಪು ಮಾಡಿಲ್ಲ."

"ಯಾರೋ ಅವ್ರ ಹೆಸರು ಹೇಳ್ಯಾರಂತ್ರಿ, ಎಲ್ಲಾ ಅವರ ಮಾಡ್ಯಾರ ಅಂತ. ಯಾರಂತ ನಿಮಗೇನರ ಗೊತ್ತೈತೇನ್ರಿ?"

ನಾನು ಡಬ್ಬಿಯ ಮೇಲಿದ್ದ ಹೆಸರು ನೋಡುತ್ತ, "ಗೊತ್ತಿಲ್ಲಮ್ಮ" ಎಂದೆ. ಅಲಮೇಲು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಗೊತ್ತಿತ್ತು.

ಮಾನ್ಯರೇ, ಆ ದಿನ ಇದನ್ನೆಲ್ಲ ಮಾಡಿದ್ದು ಯಾರೆಂದು ನಿಮ್ಮ ಅಧಿಕಾರಿ ಕೇಳಿದಾಗ ನಾನು ಹೇಳಿದ್ದು ಹೀಗೆ: "ನಂಗೇನ್ ಗೊತ್ತಾಗುತ್ತೆ ಸಾರ್ ಈ ವಯಸ್ಸಲ್ಲಿ? ಎಲ್ಲಾ ಆ ಯು.ಪಿ.ಎಸ್. ನಿಂಗರಾಜನೇ ಮಾಡ್ಕೊಟ್ಟಿದ್ದು." ಯಾರೂ ನನಗೆ ಹೊಡೆಯಲಿಲ್ಲ, ಬೆದರಿಸಲೂ ಇಲ್ಲ. ಕೈಯಲ್ಲಿ ಕಾಫಿ ಲೋಟವಿತ್ತು. ಬೀದಿಯಲ್ಲಿ ಜನ ಸೇರಿದ್ದರು. ಪಿಂಚಣಿ ನಿಂತರೆ, ಪತ್ರಿಕೆಯಲ್ಲಿ ಫೋಟೋ ಬಂದರೆ ಎಂದು ಹೆದರಿದೆ. ಮೂರು ತಿಂಗಳು ಕಂಪ್ಯೂಟರಿನ ಮುಂದೆ ಕೂತು, ಒಂಬತ್ತು ರೂಟರಿಗೂ ನನ್ನ ಕೈಯಾರೆ ಪ್ರೋಗ್ರಾಂ ತುಂಬಿ, ಹೆಮ್ಮೆಯಿಂದ ಬೀದಿಗೆಲ್ಲ ವಿವರಿಸಿದ್ದವನು ಒಂದು ನಿಮಿಷದಲ್ಲಿ ಏನೂ ತಿಳಿಯದ ಮುದುಕನಾದೆ. ಎರಡು ದಿನ ಇಟ್ಟುಕೊಂಡು ಬಿಡುತ್ತಾರೆ, ಆಮೇಲೆ ಅರ್ಜಿ ಬರೆದು ಸರಿಮಾಡಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ನಾಲ್ಕೂ ಅರ್ಜಿಯಲ್ಲಿ 'ನಿಂಗರಾಜರು ನಿರಪರಾಧಿ' ಎಂದು ಬರೆದೆ, ಅವರ ಹೆಸರು ಹೇಳಿದವನು ನಾನೆಂದು ಒಂದರಲ್ಲೂ ಬರೆಯಲಿಲ್ಲ. ಅಧಿಕಾರಿಗಳ ಮೇಲೆ ಇಷ್ಟೆಲ್ಲ ಕಿಡಿಕಾರುವವನು ಮಾಡಿದ ಕೆಲಸ ಇದು. ನನಗೆ ನಾಚಿಕೆಯಾಗುತ್ತಿದೆ.

ಹಾಗೆಂದು ನಿಮ್ಮನ್ನು ಬಿಡುವುದಿಲ್ಲ. ನಾನು ಸುಳ್ಳು ಹೇಳಿದೆ, ಒಪ್ಪುತ್ತೇನೆ. ಅದನ್ನು ಪರೀಕ್ಷಿಸದೆ ನಂಬಿದವರು ಯಾರು? ಎಲ್ಲರನ್ನೂ ಅನುಮಾನಿಸುವ ಕಚೇರಿ ನನ್ನ ಮಾತನ್ನು ಮಾತ್ರ ಒಂದೇ ಗುಟುಕಿಗೆ ಯಾಕೆ ನುಂಗಿತು? ಸ್ವಂತ ಮನೆಯವನು, ಪಿಂಚಣಿದಾರ, ಕಾಫಿ ಕೊಟ್ಟವನು ಹೇಳಿದರೆ ನಿಜ. ಬಾಡಿಗೆ ಮನೆಯವನು, ಬೇರೆ ಕಡೆಯ ಕನ್ನಡ ಆಡುವವನು ಎರಡು ದಿನ ಬೇಡಿಕೊಂಡರೂ ಸುಳ್ಳು. ನನ್ನ ಹೆದರಿಕೆಗೆ ನಿಮ್ಮ ಈ ಅನುಕೂಲ ಸರಿಯಾಗಿ ಹೊಂದಿಕೊಂಡಿತು. ಸಾಕ್ಷಿ ನಿಮ್ಮ ಕಪಾಟಿನಲ್ಲೇ ಆರು ತಿಂಗಳಿಂದ ಕೂತಿದೆ. ಯಾರೂ ತೆರೆದು ನೋಡಿಲ್ಲವೆಂದು ಹೇಗೆ ಬಲ್ಲೆನೆಂದರೆ, ತೆರೆದಿದ್ದರೆ ನೀವು ಬಂದು ನಿಲ್ಲಬೇಕಾಗಿದ್ದುದು ನನ್ನ ಬಾಗಿಲಿಗೆ.

ಆದ್ದರಿಂದ ನನ್ನ ಬೇಡಿಕೆ ಇದು. ಆ ನೋಟ್‌ಬುಕ್ಕನ್ನು ತೆಗೆಯಿರಿ. ನೂರ ಹನ್ನೆರಡು ಪುಟದ ಅಕ್ಷರವನ್ನೂ ಈ ಪತ್ರದ ಅಕ್ಷರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇದರ ಕೈಬರಹದ ಮೂಲ ಪ್ರತಿಯನ್ನು ಇಂದೇ ರಿಜಿಸ್ಟರ್ಡ್ ಅಂಚೆಯಲ್ಲಿ ನಿಮಗೆ ಕಳಿಸಿದ್ದೇನೆ. ಅಕ್ಷರ ಒಂದೇ ಎಂದಾದ ಮೇಲೆ, ಈ ತಿಂಗಳು ಮುಗಿಯುವ ಮೊದಲು ನಿಂಗರಾಜರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ, ಹಾಗೆ ಮಾಡಿದ್ದೀರೆಂದು ಅವರ ಠಾಣೆಗೂ ಮನೆಯೊಡೆಯರಿಗೂ ಬರೆದು ತಿಳಿಸಿ. ಪಟ್ಟಿಯಲ್ಲಿ ಆ ಸಾಲು ಖಾಲಿ ಬಿಡಲು ನಿಮ್ಮ ನಿಯಮ ಒಪ್ಪದಿದ್ದರೆ ಅಲ್ಲಿ ನನ್ನ ಹೆಸರು ಬರೆಯಿರಿ. ಮುಂದಿನ ದೊಡ್ಡ ಮನುಷ್ಯರು ಊರಿಗೆ ಬಂದ ದಿನ ಆ ಬೆಂಚಿನ ಮೇಲೆ ನಾನು ಕೂರುತ್ತೇನೆ. ಡಬ್ಬಿಗಳನ್ನು ನಿಧಾನವಾಗಿ ಕೊಟ್ಟರೂ ನಡೆಯುತ್ತದೆ.

ಲಕ್ಕವ್ವನವರೇ, ಪತ್ರಿಕೆಯಲ್ಲಿ ಇದನ್ನು ಯಾರಾದರೂ ನಿಮಗೆ ಓದಿ ಹೇಳಬಹುದು. ಭಾನುವಾರ ನೀವು ಕೇಳಿದ್ದಕ್ಕೆ ನನ್ನ ಉತ್ತರ ಈ ಪತ್ರದ ಕೊನೆಯ ಸಾಲಿನಲ್ಲಿದೆ. ನಿಂಗರಾಜರಿಗೆ ಹೇಳಿ, ಇಷ್ಟು ದಿನ ಅವರು ಹಿಡಿದುಕೊಂಡಿದ್ದರು, ನಾನು ಈಗ ಬರೆದಿದ್ದೇನೆ.

ಇಂತಿ,
ಆ ದಿನ ಕೇಳಿದಾಗ ಬಾಯಿಗೆ ಬಾರದ ಹೆಸರಿನವನು,
ಅನಂತರಾಮು